ಆದವಾನಿ ಸೀಮೆಯ ಬೀಜಹತ್ತಿ ಮತ್ತು ಮಕ್ಕಳ ದುಡಿಮೆ

ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಿಂದ ಹೈಬ್ರಿಡ್ ಹತ್ತಿಬೀಜದ ಹೊಲಗಳಿಗೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಮುಂಗಡ ಕೊಟ್ಟು ಒಯ್ಯುವ ಪದ್ಧತಿ. ಅದನ್ನು ತಡೆಯಲು 1990ರ ದಶಕದ ಕೊನೆಯಿಂದ ನಡೆದಿರುವ ಪ್ರಯತ್ನ. ಬಿಡಿಸಿಕೊಂಡು ಬಂದವರನ್ನು ಶಾಲೆಗೂ ಊರಿಗೂ ಮರಳಿ ಸೇರಿಸುವ ಕೆಲಸ. ಆದವಾನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ, ಪೆದ್ದಕಡಬೂರು, ಎಮ್ಮಿಗನೂರು, ಗೋನೆಗಂಡ್ಲ ಮಂಡಲಗಳ ಹಳ್ಳಿಗಳಿಗೆ ಈ ವಿಷಯ ಹೆಚ್ಚು ಸಂಬಂಧಿಸಿದ್ದು.

ಮಕ್ಕಳ ಕೈಗೆ ಬಂದೂಕು ಕೊಡುವುದನ್ನೂ ಸಾಲಕ್ಕೆ ಮಕ್ಕಳನ್ನು ಜೀತಕ್ಕಿಡುವುದನ್ನೂ ಅಂತರರಾಷ್ಟ್ರೀಯ ಕಾನೂನು ಒಂದೇ ಸಾಲಿನಲ್ಲಿ ಹಿಡಿದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 182ನೇ ಒಡಂಬಡಿಕೆ (1999) ಬಾಲಕಾರ್ಮಿಕ ಪದ್ಧತಿಯ ಅತಿ ಕೆಟ್ಟ ರೂಪಗಳನ್ನು ಹೆಸರಿಸುವಾಗ, 3ನೇ ವಿಧಿಯ ಮೊದಲ ಉಪವಿಧಿಯಲ್ಲೇ ಮಕ್ಕಳ ಮಾರಾಟ, ಸಾಲದ ಜೀತ, ಬಲವಂತದ ದುಡಿಮೆ, ಸಶಸ್ತ್ರ ಸಂಘರ್ಷಕ್ಕೆ ಮಕ್ಕಳ ಬಲವಂತದ ನೇಮಕ ಇವೆಲ್ಲವನ್ನೂ ಒಟ್ಟಿಗೆ ಇರಿಸುತ್ತದೆ. ಭಾರತ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿದ್ದು 2017ರ ಜೂನ್ 13ರಂದು. ಈ ಮಂಡಲಗಳಿರುವ ರಾಯಲಸೀಮೆ ಎಂದೊಡನೆ ತೆಲುಗು ಸಿನಿಮಾ ನೋಡಿದವರಿಗೆ ನಾಡಬಾಂಬು, ಮಚ್ಚು, ಟಾಟಾ ಸುಮೋ ನೆನಪಾಗುತ್ತವೆ. ಆದರೆ ಈ ಸೀಮೆಯಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಊರಿನಿಂದ ಎತ್ತಿಕೊಂಡು ಹೋದದ್ದು ಆ ಫ್ಯಾಕ್ಷನ್ ಕಾದಾಟ ಅಲ್ಲ, ಹತ್ತಿ.

ನಾಡು

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ಹುಟ್ಟಿದ ದಿನ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಆದವಾನಿ, ಆಲೂರು ಕರ್ನೂಲಿಗೂ ರಾಯದುರ್ಗ ಅನಂತಪುರಕ್ಕೂ ಹೋದವು. ಗಡಿಗೆರೆ ಬಿದ್ದರೂ ನೆಂಟಸ್ತಿಕೆ, ಸಂತೆ, ಮಾತು ಹಾಗೆಯೇ ಉಳಿದವು. ಹೊಳಗುಂದ, ಹಾಲಹರವಿ, ಕೌತಾಳಂ, ಕೋಸಿಗಿಗಳ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಮಂತ್ರಾಲಯಕ್ಕೆ ಹೊರಟ ಕನ್ನಡಿಗರು ಗುಂತಕಲ್ಲು–ರಾಯಚೂರು ಮಾರ್ಗದ ರೈಲಿನಲ್ಲಿ ಆದವಾನಿ, ಕೋಸಿಗಿ ದಾಟುವಾಗ ಕಿಟಕಿಯಾಚೆ ಕಾಣುವ ಹೊಲಗಳು ಇವೇ.

ಮಳೆ ಕಡಿಮೆ, ಕಪ್ಪು ಮತ್ತು ಕೆಂಪು ನೆಲದ ಮಿಶ್ರಣ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಬರುವ ಕೆಳಮಟ್ಟದ ಕಾಲುವೆ ಕೆಲವು ಹಳ್ಳಿಗಳಿಗೆ ನೀರು ಮುಟ್ಟಿಸುತ್ತದೆ. ಕಾಲುವೆಯ ಕೊನೆಯವರಿಗೆ ನೀರು ಬಂದರೆ ಬಂತು. ಕಾಲುವೆ ಇಲ್ಲದ ಊರುಗಳವರು ಒಂದು ಮಳೆಯ ಬೆಳೆ ನೋಡಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುತ್ತಾರೆ. ಇಲ್ಲಿನವರು ಅದನ್ನು ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ಸುಗ್ಗಿ ಮಾತ್ರ ಬೇರೆಯವರದು. 2011ರ ಜನಗಣತಿಯಲ್ಲಿ ಇಡೀ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇ. 60ರ ಆಸುಪಾಸಿನಲ್ಲಿತ್ತು, ಹೆಂಗಸರದು ಅದಕ್ಕಿಂತ ಸುಮಾರು ಹತ್ತಂಶ ಕಡಿಮೆ. ಪಶ್ಚಿಮದ ಮಂಡಲಗಳು ಆ ಸರಾಸರಿಯನ್ನೂ ಕೆಳಗೆ ಎಳೆಯುವಂಥವು.

ಆದವಾನಿ ಪಟ್ಟಣ ಹತ್ತಿಯ ಮೇಲೆ ಬೆಳೆದದ್ದು. ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲು, ದಲಾಲಿ ಅಂಗಡಿಗಳ ಭರಾಟೆಗೆ ಅದನ್ನು ಎರಡನೇ ಬೊಂಬಾಯಿ ಎಂದು ಕರೆದ ಕಾಲವಿತ್ತು. ಅಲ್ಲಿನ ಮಾರ್ಕೆಟ್ ಯಾರ್ಡ್ ಇಂದಿಗೂ ರಾಜ್ಯದ ದೊಡ್ಡ ಹತ್ತಿ ಪೇಟೆಗಳಲ್ಲಿ ಒಂದು. ಆದರೆ ಮಿಲ್ಲಿಗೆ ಬರುವ ಹತ್ತಿ ಬೇರೆ, ಬೀಜಕ್ಕಾಗಿ ಬೆಳೆಯುವ ಹತ್ತಿ ಬೇರೆ. ಮಕ್ಕಳ ಕತೆ ಮುಖ್ಯವಾಗಿ ಎರಡನೆಯದರದು.

ಕ್ರಾಸಿಂಗ್

ಭಾರತದ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಎಚ್–4 ಅನ್ನು 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಹೊರತಂದರು. ಎರಡು ವರ್ಷದ ಮೇಲೆ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರ ವರಲಕ್ಷ್ಮಿ ಬಂತು. ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಮಾಡಿದ ಈ ಉದ್ದೆಳೆಯ ಹತ್ತಿ ತುಂಗಭದ್ರೆಯ ಎರಡೂ ದಡಗಳಲ್ಲಿ ಹೆಸರು ಮಾಡಿತು. ಹೈಬ್ರಿಡ್ ಬೀಜವನ್ನು ರೈತ ಮನೆಯಲ್ಲಿ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಇಳುವರಿ ನಿಲ್ಲದು, ಪ್ರತಿ ವರ್ಷ ಹೊಸದು ಕೊಳ್ಳಬೇಕು. ಹಾಗಾಗಿ ಬೀಜವೇ ಒಂದು ಉದ್ಯಮವಾಯಿತು. ಆಗಿನ ಕರ್ನೂಲು ಜಿಲ್ಲೆಯ ನಂದ್ಯಾಲ ಕಡೆಯ ಕಪ್ಪು ನೆಲ, ತುಂಗಭದ್ರೆಯಾಚೆಯ ಗದ್ವಾಲ, ಕರ್ನಾಟಕದಲ್ಲಿ ಕೊಪ್ಪಳ, ಹಾವೇರಿ ಈ ಉದ್ಯಮದ ನೆಲೆಗಳಾದವು. ಪಶ್ಚಿಮದ ಒಣಮಂಡಲಗಳು ಒಂದಿಷ್ಟು ಬೀಜವನ್ನೂ ಅದಕ್ಕಿಂತ ಹೆಚ್ಚಾಗಿ ಕೂಲಿಗಳನ್ನೂ ಕೊಟ್ಟವು.

ಹತ್ತಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಗಿಡ. ಹೈಬ್ರಿಡ್ ಬೇಕೆಂದರೆ ಹೆಣ್ಣು ಸಾಲಿನ ಒಂದೊಂದು ಮೊಗ್ಗಿನಿಂದಲೂ ಗಂಡುಭಾಗವನ್ನು ಕೈಯಿಂದ ತೆಗೆದು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಹೊಲದವರ ಬಾಯಲ್ಲಿ ಇದು ಕ್ರಾಸಿಂಗ್. ಮಧ್ಯಾಹ್ನದ ಮೇಲೆ ಸಾಲು ಹಿಡಿದು ನಡೆಯುತ್ತ ನಾಳೆ ಅರಳಲಿರುವ ಮೊಗ್ಗನ್ನು ಗುರುತಿಸುತ್ತಾರೆ; ಎಸಳು ಕೆನೆಬಣ್ಣಕ್ಕೆ ತಿರುಗಿ ತೊಟ್ಟೆಲೆಯಿಂದ ತುಸುವೇ ಮೇಲೆ ಇಣುಕಿರುತ್ತದೆ. ಹೆಬ್ಬೆರಳಿನ ಉಗುರನ್ನು ಎಸಳಿನ ಬುಡಕ್ಕೆ ಊರಿ ಸುತ್ತ ತಿರುವಿದರೆ ಎಸಳೂ ಕೇಸರದ ಕೊಳವೆಯೂ ಒಟ್ಟಿಗೆ ಕಳಚುತ್ತವೆ, ನಡುವಿನ ಶಲಾಕೆ ಬತ್ತಲೆಯಾಗಿ ನಿಲ್ಲುತ್ತದೆ. ಉಗುರು ಆಳಕ್ಕಿಳಿದರೆ ಎಳೆಗಾಯಿಗೆ ಪೆಟ್ಟಾಗಿ ಮೊಗ್ಗು ಉದುರುತ್ತದೆ. ಮೇಲಾದರೆ ಕೇಸರದ ಚೂರು ಉಳಿದು ಸ್ವಂತ ಪರಾಗ ಸೇರಿಬಿಡುತ್ತದೆ. ಸುಲಿದ ಮೊಗ್ಗು ಕಣ್ಣಿಗೆ ಬೀಳಲೆಂದು ಕೆಂಪು ಕಾಗದದ ಪುಟ್ಟ ಚೀಲ ತೊಡಿಸುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನಿಂದ ಹೂ ಬಿಡಿಸಿ ತಂದು, ಬಿಸಿಲು ಬಲಿಯುವುದರೊಳಗೆ ಒಂದೊಂದು ಹೂವಿನಿಂದ ನಾಲ್ಕೈದು ಶಲಾಕೆಗಳಿಗೆ ಪರಾಗ ಸವರಿ ತೊಟ್ಟಿಗೆ ದಾರ ಕಟ್ಟುತ್ತಾರೆ. ಕಣ್ತಪ್ಪಿ ಅರಳಿದ ಹೂವನ್ನು ಕಿತ್ತೆಸೆಯಬೇಕು. ಮಧ್ಯಾಹ್ನ ಮತ್ತೆ ನಾಳೆಯ ಮೊಗ್ಗು. ಹೂ ನಿಲ್ಲುವವರೆಗೆ, ಅಂದರೆ ತಿಂಗಳುಗಟ್ಟಲೆ, ಇದೇ ಸುತ್ತು. ಅಮಾವಾಸ್ಯೆ, ಹಬ್ಬ, ಜ್ವರ ಯಾವುದಕ್ಕೂ ಮೊಗ್ಗು ಕಾಯುವುದಿಲ್ಲ.

ಕೊಯ್ಲಾದ ಬೀಜದ ಮಾದರಿಯನ್ನು ಕಂಪನಿ ತನ್ನಲ್ಲಿ ಬಿತ್ತಿ ಶುದ್ಧತೆ ಪರೀಕ್ಷಿಸುತ್ತದೆ. ಕಲಬೆರಕೆ ಕಂಡರೆ ಇಡೀ ಲಾಟು ತಿರಸ್ಕೃತ, ರೈತನ ವರ್ಷದ ದುಡ್ಡು ಹೋದಂತೆ. ಒಂದು ದಿನ ಕೂಲಿ ತಪ್ಪಿದರೂ ಆತನಿಗೆ ನಷ್ಟ. ಆದ್ದರಿಂದ ಅವನಿಗೆ ಬೇಕಾಗಿರುವುದು ಬರೇ ಅಗ್ಗದ ಕೂಲಿಯಲ್ಲ, ಸೀಜನ್ ಮುಗಿಯುವವರೆಗೆ ಬಿಟ್ಟುಹೋಗದ ಕೂಲಿ. ಮುಂಗಡ ಹುಟ್ಟುವುದು ಇಲ್ಲಿಂದ.

ಮಕ್ಕಳ ಬೆರಳು ಸಣ್ಣ, ಎತ್ತರ ಗಿಡಕ್ಕೆ ಸರಿಸಮ, ಹೂವಿಗೆ ಹೆಣ್ಣುಮಕ್ಕಳ ಕೈಯೇ ಆಗಬೇಕು ಎಂಬ ಮಾತು ಈ ಉದ್ಯಮದಲ್ಲಿ ಬಹುಕಾಲ ಓಡಾಡಿತು. ಕಾರ್ಪೆಟ್ಟು, ಬೆಂಕಿಪೊಟ್ಟಣಗಳ ವಿಷಯದಲ್ಲೂ ಇದೇ ಸಬೂಬು ಇತ್ತು. ಕೂಲಿ ಏರಿದ ಕಡೆ ದೊಡ್ಡ ಹೆಂಗಸರು ಇದೇ ಕೆಲಸವನ್ನು ಕೆಡಿಸದೆ ಮಾಡುತ್ತಾರೆ. ಹುಡುಗಿಯರು ಬೇಕಾಗಿದ್ದುದಕ್ಕೆ ಕಾರಣ ಸರಳ: ಅವರಿಗೆ ಕಡಿಮೆ ಕೊಡಬಹುದು, ಹೆಚ್ಚು ಹೊತ್ತು ನಿಲ್ಲಿಸಬಹುದು, ಅವರು ಎದುರು ಮಾತಾಡುವುದಿಲ್ಲ. ಗ್ರಾಸಾ ಮಷೆಲ್ 1996ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ವರದಿ ಸಶಸ್ತ್ರ ಗುಂಪುಗಳು ಮಕ್ಕಳನ್ನೇ ಏಕೆ ಹುಡುಕುತ್ತವೆ ಎಂಬುದಕ್ಕೆ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಇದೇ: ವಿಧೇಯರು, ಪ್ರಶ್ನೆ ಕೇಳದವರು, ಬಗ್ಗಿಸಲು ಸುಲಭ.

ನೇಮಕಾತಿ

ಬೀಜಹತ್ತಿಯಲ್ಲಿ ಕಂಪನಿ ಮೇಲಿದೆ, ಅದರ ಕೆಳಗೆ ಆರ್ಗನೈಜರ್, ಅವನ ಕೆಳಗೆ ಬೀಜ ಬೆಳೆಯುವ ರೈತ, ಅವನ ಕೆಳಗೆ ಮೇಸ್ತ್ರಿ, ಕೊನೆಗೆ ಕೂಲಿ. ಕಂಪನಿ ಮೂಲಬೀಜ ಕೊಟ್ಟು, ಕಿಲೋಗೆ ಇಂತಿಷ್ಟೆಂದು ದರ ಗೊತ್ತುಮಾಡಿ, ಆರ್ಗನೈಜರ್ ಮೂಲಕ ಸಾಲವನ್ನೂ ದಾಟಿಸುತ್ತದೆ. ಕೂಲಿಯವರ ಹೆಸರು ಅದರ ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ.

ಮುಂಗಡದ ವ್ಯವಹಾರ ನಡೆಯುವುದು ಬೇಸಿಗೆಯಲ್ಲಿ. ಗುಳೆ ಹೋದವರು ಮರಳಿ ಬಂದಿರುತ್ತಾರೆ, ಕೈಯಲ್ಲಿದ್ದದ್ದು ಹಳೆಯ ಸಾಲಕ್ಕೆ ಹೋಗಿರುತ್ತದೆ, ಮುಂಗಾರಿಗೆ ಬೀಜ–ಗೊಬ್ಬರ ಬೇಕು, ಮನೆಯಲ್ಲೊಂದು ಮದುವೆಯೋ ಆಸ್ಪತ್ರೆಯ ಖರ್ಚೋ ಕಾದಿರುತ್ತದೆ. ಆಗ ಮೇಸ್ತ್ರಿ ಬರುತ್ತಾನೆ. ಅವನು ಹೊರಗಿನವನಲ್ಲ, ಅದೇ ಊರಿನವನು, ಮಾವನೋ ಅಣ್ಣನೋ ಎಂದು ಕರೆಸಿಕೊಳ್ಳುವವನು. ಹುಡುಗಿಯ ಸೀಜನ್ನಿನ ಕೂಲಿಯನ್ನು ಮುಂಚೆಯೇ ಎಣಿಸಿ ತಂದೆಯ ಕೈಗಿಡುತ್ತಾನೆ. ಕಾಗದಪತ್ರ ಇಲ್ಲ, ಮಾತೇ ಪತ್ರ. ಜೂನ್ ಎರಡನೇ ವಾರ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಆಕೆ ಆಗಲೇ ಒಬ್ಬರ ಲೆಕ್ಕಕ್ಕೆ ಸೇರಿರುತ್ತಾಳೆ. ಮಾಸ್ತರರು ಹಾಜರಿ ಕೂಗುವುದಕ್ಕೆ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ. ಹತ್ತಿರದ ಹೊಲವಾದರೆ ಬೆಳಗಿನ ಜಾವ ಆಟೋ, ಟಾಟಾ ಏಸ್, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಸಂಜೆ ತಂದು ಬಿಡುತ್ತಾರೆ. ದೂರವಾದರೆ ರೈತನ ಕೊಟ್ಟಿಗೆಯಲ್ಲೋ ಪಂಪ್‌ಸೆಟ್ ಕೋಣೆಯಲ್ಲೋ ವಸತಿ. ಮಧ್ಯೆ ಕಾಯಿಲೆ ಬಿದ್ದು ಬಂದರೆ ಮುಂಗಡದಲ್ಲಿ ಉಳಿದದ್ದು ಮರುವರ್ಷದ ಬಾಕಿ, ಅಕ್ಕನ ಬದಲು ತಂಗಿ ಹೋಗಬೇಕಾದೀತು. ಹತ್ತಿಗೆ ಹೊಡೆಯುತ್ತಿದ್ದ ಮೊನೊಕ್ರೊಟೊಫಾಸ್, ಎಂಡೋಸಲ್ಫಾನ್‌ಗಳ ನಡುವೆಯೇ ಕೆಲಸ ನಡೆಯುತ್ತಿತ್ತು. ತಲೆನೋವು, ವಾಂತಿ, ಚರ್ಮದ ತುರಿಕೆ ಮಾಮೂಲು ದೂರುಗಳಾಗಿದ್ದವು. ಕಾಸರಗೋಡಿನ ಗೇರುತೋಟಗಳ ಕಾರಣದಿಂದ ಹೆಸರು ಕೆಡಿಸಿಕೊಂಡ ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ತಡೆಯಿತು.

ತಂದೆತಾಯಿ ಮಕ್ಕಳನ್ನು ಮಾರುತ್ತಾರೆ ಎಂದು ಬರೆದುಬಿಡುವುದು ಸುಲಭ. ಬ್ಯಾಂಕು ಕೊಡದ ಸಾಲವನ್ನು, ಬಡ್ಡಿಯವನಿಗಿಂತ ಕಡಿಮೆ ಕಿರಿಕಿರಿಯಲ್ಲಿ, ಊರಿನವನೊಬ್ಬ ಮನೆಬಾಗಿಲಿಗೆ ತಂದು ಕೊಟ್ಟಾಗ ಬೇಡವೆನ್ನುವ ಶಕ್ತಿ ಎಷ್ಟು ಮನೆಗಳಿಗಿದೆ ಎಂಬುದನ್ನೂ ಜೊತೆಗೇ ಬರೆಯಬೇಕಾಗುತ್ತದೆ.

ಲೆಕ್ಕಕ್ಕೆ ಬಂದದ್ದು

ಈ ಪದ್ಧತಿಯನ್ನು ದಾಖಲೆಗೆ ತಂದವರಲ್ಲಿ ಹೈದರಾಬಾದಿನ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಮೊದಲಿಗರು. 1990ರ ದಶಕದ ಕೊನೆಯಿಂದ ಅವರು ನಡೆಸಿದ ಅಧ್ಯಯನಗಳು ಆಂಧ್ರದ ಬೀಜಹತ್ತಿ ಹೊಲಗಳಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆಂದು ಅಂದಾಜಿಸಿದವು. ಬಹುಪಾಲು ಹೆಣ್ಣುಮಕ್ಕಳು, ದಲಿತರು, ಹಿಂದುಳಿದ ಜಾತಿಗಳವರು. 2003ರಲ್ಲಿ ನೆದರ್ಲೆಂಡ್ಸ್‌ನ ಇಂಡಿಯಾ ಕಮಿಟಿ ಪ್ರಕಟಿಸಿದ ವರದಿ ಬಹುರಾಷ್ಟ್ರೀಯ ಬೀಜ ಕಂಪನಿಗಳನ್ನು ನೇರವಾಗಿ ಹೆಸರಿಸಿತು. ಆವರೆಗೆ ಸುದ್ದಿ ಜಿಲ್ಲಾ ಪುಟದಲ್ಲಿತ್ತು, ಆಮೇಲೆ ಯುರೋಪಿನ ಷೇರುದಾರರ ಸಭೆಗಳಿಗೂ ತಲುಪಿತು. 2005ರ ಇನ್ನೊಂದು ವರದಿ ಕೇಳಿದ ಪ್ರಶ್ನೆ ಇನ್ನೂ ಚುರುಕು: ಕಂಪನಿ ರೈತನಿಗೆ ಕೊಡುವ ದರದಲ್ಲಿ ದೊಡ್ಡವರಿಗೆ ಸಲ್ಲಬೇಕಾದ ಕೂಲಿ ಕೊಟ್ಟು ಬೀಜ ಬೆಳೆಯಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದು ಅದರ ಲೆಕ್ಕ. ಅಲ್ಲಿಯವರೆಗೆ ರೈತನ ಕ್ರೌರ್ಯ, ತಂದೆಯ ಕುಡಿತ ಎಂದು ಹಳ್ಳಿಯೊಳಗೇ ಸುತ್ತುತ್ತಿದ್ದ ಚರ್ಚೆಯನ್ನು ಇದು ಕಂಪನಿಯ ದರಪಟ್ಟಿಗೆ ತಂದು ನಿಲ್ಲಿಸಿತು. ಈ ವಿಷಯದ ಬಗ್ಗೆ ಬಂದ ಬರಹಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇಲ್ಲ.

2006ರಲ್ಲಿ ಆಂಧ್ರ ಸರ್ಕಾರ ಬಿಟಿ ಹತ್ತಿಬೀಜದ 450 ಗ್ರಾಂ ಪೊಟ್ಟಣದ ಬೆಲೆ ವಿಪರೀತವೆಂದು ಏಕಸ್ವಾಮ್ಯ ಆಯೋಗದ ಮೆಟ್ಟಿಲೇರಿ, ಅದನ್ನು 750 ರೂಪಾಯಿಗೆ ಇಳಿಸಿತು. ಬೀಜ ಕೊಳ್ಳುವ ರೈತನಿಗೆ ಅದು ದೊಡ್ಡ ಗೆಲುವು. ಆ ಪೊಟ್ಟಣದೊಳಗಿನ ಒಂದೊಂದು ಕಾಳೂ ಯಾರ ಉಗುರಿನಿಂದ ಬಂತು ಎಂಬ ಮಾತು ಬೆಲೆಯ ಜಗಳದಲ್ಲಿ ಎಲ್ಲಿಯೂ ಏಳಲಿಲ್ಲ.

ಹೊರಗಿನ ಒತ್ತಡಕ್ಕೆ ಕಂಪನಿಗಳು ಬಾಗಿದ್ದೂ ಉಂಟು. 2003ರಿಂದ ಬೀಜ ಉದ್ಯಮದ ಸಂಘವು ಮಕ್ಕಳನ್ನು ದುಡಿಮೆಯಿಂದ ಶಾಲೆಗೆ ತರುವ ಸಂಸ್ಥೆಯಾದ ಎಂ.ವಿ. ಫೌಂಡೇಶನ್ ಜೊತೆ ಮಾತುಕತೆಗೆ ಕೂತಿತು. ಬಹುರಾಷ್ಟ್ರೀಯ ಕಂಪನಿ ಬೇಯರ್ 2005ರಿಂದ ಮಕ್ಕಳನ್ನು ಹಚ್ಚದ ರೈತರಿಗೆ ಖರೀದಿ ದರದ ಮೇಲೆ ಶೇ. 5ರಷ್ಟು ಹೆಚ್ಚುವರಿ ಕೊಡುವ, ಹೊಲಗಳಿಗೆ ಅನಿರೀಕ್ಷಿತ ಭೇಟಿ ಕೊಡುವ, ಪದೇಪದೇ ತಪ್ಪಿದವರ ಒಪ್ಪಂದ ರದ್ದುಮಾಡುವ ಕ್ರಮ ತಂದಿತು. ಇಂಥ ಹೊಲಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಆದರೆ ತಪಾಸಣೆ ಇಲ್ಲದ ಪಕ್ಕದ ಹೊಲ ಪಕ್ಕದಲ್ಲೇ ಇತ್ತು, ಉದ್ಯಮ ಹೊಸ ಜಾಗಗಳಿಗೂ ಸರಿಯಿತು. 2015ರ ಅಧ್ಯಯನವೊಂದು ದೇಶದಾದ್ಯಂತ ಬೀಜಹತ್ತಿಯಲ್ಲಿ 14 ವರ್ಷದೊಳಗಿನ ಸುಮಾರು 2 ಲಕ್ಷ ಮಕ್ಕಳನ್ನೂ, 18ರೊಳಗಿನವರನ್ನೆಲ್ಲ ಸೇರಿಸಿದರೆ 5 ಲಕ್ಷದ ಹತ್ತಿರದ ಸಂಖ್ಯೆಯನ್ನೂ ಕಂಡಿತು. ಅಮೆರಿಕದ ಕಾರ್ಮಿಕ ಇಲಾಖೆ ಪ್ರಕಟಿಸುವ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿಬೀಜ ಬಾಲದುಡಿಮೆ, ಬಲವಂತದ ದುಡಿಮೆ ಎರಡೂ ಕಾಲಂಗಳಲ್ಲಿ ಇದೆ.

ಕಾನೂನು

ಕಾನೂನಿಗೆ ಕೊರತೆಯಿಲ್ಲ. ಮಕ್ಕಳ ದುಡಿಮೆಯನ್ನು ಅಡವಿಡುವುದರ ವಿರುದ್ಧ ಬ್ರಿಟಿಷರ ಕಾಲದಲ್ಲೇ 1933ರ ಕಾಯ್ದೆ ಇತ್ತು. 1976ರದು ಜೀತ ರದ್ದತಿ ಕಾಯ್ದೆ, 1986ರದು ಬಾಲಕಾರ್ಮಿಕ ಕಾಯ್ದೆ. ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಮು ಮಗುವನ್ನು ಜೀತದಲ್ಲಿಟ್ಟವರಿಗೆ 5 ವರ್ಷದವರೆಗೆ ಕಠಿಣ ಸಜೆ, 83ನೇ ಕಲಮು ಮಗುವನ್ನು ಉಗ್ರ ಗುಂಪಿಗೆ ಸೇರಿಸಿಕೊಂಡವರಿಗೆ 7 ವರ್ಷದವರೆಗೆ ಸಜೆ ವಿಧಿಸುತ್ತದೆ. ಎರಡೂ ಬಗೆಯ ಮಕ್ಕಳನ್ನು ಕಳಿಸುವುದು ಒಂದೇ ಕಡೆಗೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ಕೆಲಸವನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿ, ಜೊತೆಗೆ ಕಿಂಡಿಯೊಂದನ್ನೂ ಇಟ್ಟಿತು: ಶಾಲೆಯ ಹೊತ್ತು ಬಿಟ್ಟು ಕುಟುಂಬದ ಕಸುಬಿನಲ್ಲಿ ನೆರವಾಗಬಹುದು. ಅದೇ ಕಾಲಕ್ಕೆ ಬೀಜಹತ್ತಿಯೂ ದೊಡ್ಡ ರೈತರಿಂದ ಸಣ್ಣ ಹಿಡುವಳಿದಾರರಿಗೆ ಇಳಿಯುತ್ತಿತ್ತು. ಅರ್ಧ ಎಕರೆ, ಒಂದು ಎಕರೆಯ ಪ್ಲಾಟು, ಮನೆಮಂದಿಯೇ ಕೂಲಿ. ಕಾಗದದ ಮೇಲೆ ಆ ಹುಡುಗಿ ಕೂಲಿಕಾರಳಲ್ಲ, ಮಗಳು. ಕ್ರಾಸಿಂಗ್ ಕಾಲದಲ್ಲಿ ಶಾಲೆಯ ಹೊತ್ತೂ ಹೊಲದ ಹೊತ್ತೂ ಒಂದೇ ಎಂಬುದು ಯಾವ ಇನ್‌ಸ್ಪೆಕ್ಟರಿಗೂ ಗೊತ್ತಿರುವ ಸಂಗತಿ. ಹುಡುಗಿಯರು ಹೀಗೆ ಲೆಕ್ಕದಿಂದ ಜಾರಿಹೋಗುವುದು ಬಾಲಸೈನಿಕರ ವಿಷಯದಲ್ಲೂ ನಡೆದಿದೆ. ಸಿಯೆರಾ ಲಿಯೋನ್‌ನ ಯುದ್ಧ ಮುಗಿದಾಗ ಪುನರ್ವಸತಿ ಸಿಗುವುದಕ್ಕೆ ಬಂದೂಕು ತಂದೊಪ್ಪಿಸಬೇಕೆಂಬ ನಿಯಮ ಮೊದಮೊದಲು ಇತ್ತು. ಅಡುಗೆ ಮಾಡಿದ, ಹೊರೆ ಹೊತ್ತ, ಬಲವಂತದ ಹೆಂಡತಿಯರಾಗಿದ್ದ ಹುಡುಗಿಯರ ಕೈಯಲ್ಲಿ ಬಂದೂಕು ಇರಲಿಲ್ಲ, ಅವರಲ್ಲಿ ಹೆಚ್ಚಿನವರು ಪಟ್ಟಿಗೇ ಬರಲಿಲ್ಲ. 2007ರ ಪ್ಯಾರಿಸ್ ತತ್ವಗಳು ಹೋರಾಡಿದ ಮಕ್ಕಳಷ್ಟೇ ಅಲ್ಲ, ಗುಂಪಿನೊಡನೆ ಯಾವ ಕೆಲಸದಲ್ಲೇ ಇದ್ದವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಬಿಡಿಸಿ ಹೇಳಿದ್ದು ಈ ಅನುಭವದಿಂದಲೇ. ನಮ್ಮ ಕಾಯ್ದೆ ಅದಕ್ಕೆ ತದ್ವಿರುದ್ಧ ದಿಕ್ಕಿಗೆ ನಡೆದಿದೆ.

ಪರಿಹಾರದ ಹಣದ್ದು ಇನ್ನೊಂದು ತೊಡಕು. ಬಿಡಿಸಿದರೆ ಸಾಲದು, ಬದುಕು ಕಟ್ಟಿಕೊಡದ ಬಿಡುಗಡೆ ಮತ್ತೆ ಜೀತಕ್ಕೇ ತಳ್ಳುತ್ತದೆ ಎಂದು ಸುಪ್ರೀಂ ಕೋರ್ಟು ನೀರಜಾ ಚೌಧರಿ ಪ್ರಕರಣದಲ್ಲಿ 1984ರಲ್ಲೇ ಎಚ್ಚರಿಸಿತ್ತು. 2016ರ ಕೇಂದ್ರ ಯೋಜನೆ ಜೀತದಿಂದ ಬಿಡಿಸಿದ ಮಕ್ಕಳಿಗೆ 2 ಲಕ್ಷ ರೂಪಾಯಿ ಗೊತ್ತುಮಾಡಿದೆ. ಕೈಗೆ ತಕ್ಷಣ ಸಿಗುವುದು ಅದರಲ್ಲಿ ಸಣ್ಣದೊಂದು ಭಾಗ. ಉಳಿದದ್ದು ಜೀತಕ್ಕೆ ಇಟ್ಟುಕೊಂಡವನ ಮೇಲಿನ ವಿಚಾರಣೆ ಮುಗಿಯುವುದರ ಮೇಲೆ ನಿಂತಿದೆ. ಮುಂಗಡ ಕೊಟ್ಟವನೂ ಸಾಕ್ಷಿ ಹೇಳಬೇಕಾದವನೂ ಒಂದೇ ಊರಿನವರಾಗಿರುವಲ್ಲಿ ಅಂಥ ವಿಚಾರಣೆಗಳು ಹೇಗೆ ಸಾಗುತ್ತವೆಂದು ಹೇಳಬೇಕಾಗಿಲ್ಲ.

ಮರಳಿಕೆ

ಮಕ್ಕಳನ್ನು ಮರಳಿ ಸೇರಿಸುವ ವಿದ್ಯೆಯನ್ನು ಆಂಧ್ರದಲ್ಲಿ ರೂಪಿಸಿದ್ದು ಎಂ.ವಿ. ಫೌಂಡೇಶನ್. ಇತಿಹಾಸಕಾರ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಹುಟ್ಟಿದ ಈ ಸಂಸ್ಥೆ 1991ರಿಂದ ರಂಗಾರೆಡ್ಡಿ ಜಿಲ್ಲೆಯಲ್ಲಿ ಮಕ್ಕಳ ಕೆಲಸಕ್ಕಿಳಿದು, ಮುಂದೆ ಕರ್ನೂಲಿನ ಬೀಜಹತ್ತಿ ಹಳ್ಳಿಗಳಿಗೂ ಬಂತು. ಅದರ ಮುಂದಾಳು, ವೆಂಕಟರಂಗಯ್ಯನವರ ಮೊಮ್ಮಗಳು ಶಾಂತಾ ಸಿನ್ಹಾ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ಪಟ್ಟು. ರಾತ್ರಿಶಾಲೆ, ದುಡಿಯುತ್ತ ಕಲಿಯುವುದು, ಅಪಾಯವಿಲ್ಲದ ಕೆಲಸ ಎಂಬ ರಾಜಿಗಳನ್ನು ಅವರು ಒಪ್ಪಲಿಲ್ಲ. ಬಡತನ ಹೋದ ಮೇಲೆ ಶಾಲೆ ಎಂಬ ವಾದವನ್ನು ತಿರುಗಿಸಿ ಹಾಕಿದರು: ಎಷ್ಟೋ ಬಡ ಮನೆಗಳವರು ಅವಕಾಶ ಸಿಕ್ಕಿದರೆ ಮಕ್ಕಳನ್ನು ಓದಿಸಲು ತಯಾರಿದ್ದಾರೆ, ತಯಾರಿಲ್ಲದ್ದು ಶಾಲೆ.

ಅವರ ವಿಧಾನದಲ್ಲಿ ನಡುವಿನ ಮೆಟ್ಟಿಲು ವಸತಿ ಶಿಬಿರ, ಬ್ರಿಡ್ಜ್ ಕೋರ್ಸ್. ಹೊಲದಿಂದ ನೇರ ಬೆಂಚಿಗೆ ತಂದು ಕೂರಿಸಿದ ಹನ್ನೊಂದರ ಹುಡುಗಿ ಒಂದನೇ ತರಗತಿಯ ಮಕ್ಕಳ ನಡುವೆ ನಾಚಿಕೆಯಿಂದಲೇ ಓಡಿಹೋಗುತ್ತಾಳೆ. ಶಿಬಿರದಲ್ಲಿ ಮೊದಮೊದಲು ಪುಸ್ತಕವೇ ಇಲ್ಲ. ಆಟ, ಹಾಡು, ತಾನು ಮಾಡಿದ ಕೆಲಸದ ಕತೆ ಹೇಳುವುದು, ಹೊತ್ತಿಗೆ ಸರಿಯಾಗಿ ಊಟ. ನಸುಕಿನಲ್ಲೇ ಏಳುವ ಅಭ್ಯಾಸ ಬಿಟ್ಟಿರುವುದಿಲ್ಲ. ಎದ್ದವರು ಕೆಲಸ ಹುಡುಕುತ್ತಾರೆ, ಅಂಗಳ ಗುಡಿಸಲು ಹೋಗುತ್ತಾರೆ. ಪೊರಕೆ ಕೈಯಿಂದ ಬಿಡಿಸಿ ಚೆಂಡು ಕೊಡುವುದೇ ಶಿಕ್ಷಕಿಯ ಮೊದಲ ಪಾಠ. ಅಕ್ಷರ ಬರತೊಡಗಿದರೆ ವೇಗವಾಗಿ ಬರುತ್ತದೆ. ಕೂಲಿಯ ಲೆಕ್ಕ ಬಾಯಲ್ಲೇ ಮಾಡಿದವರಿಗೆ ಗಣಿತ ಹೊಸದಲ್ಲ. ಕೆಲವು ತಿಂಗಳಿಂದ ಒಂದೂವರೆ ವರ್ಷದೊಳಗೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಸರ್ಕಾರಿ ಹಾಸ್ಟೆಲಿಗೆ ಬಿಡುತ್ತಿದ್ದರು. ವಯಸ್ಸಿಗೆ ತಕ್ಕ ತರಗತಿ, ಅದಕ್ಕೆ ಬೇಕಾದ ವಿಶೇಷ ತರಬೇತಿ ಎಂಬ ಈ ಕ್ರಮ ಮುಂದೆ ಶಿಕ್ಷಣದ ಹಕ್ಕಿನ ಕಾಯ್ದೆಯ 4ನೇ ಕಲಮಾಯಿತು.

ಶಿಬಿರಕ್ಕಿಂತ ಕಷ್ಟದ್ದು ಊರು. ಸಂಸ್ಥೆಯ ಕಾರ್ಯಕರ್ತರು ರೈತನನ್ನು ಶತ್ರುವಾಗಿ ನಿಲ್ಲಿಸದೆ ಊರ ಸಭೆಗೆ ಕರೆದು ಕೂರಿಸಿದರು. ಮುಂಗಡ ಕೊಟ್ಟವನೇ ಎಲ್ಲರೆದುರು ಬಾಕಿ ಬಿಟ್ಟುಕೊಟ್ಟದ್ದೂ ಇದೆ, ಹೊಡೆದಾಟದವರೆಗೆ ಹೋದದ್ದೂ ಇದೆ. ಮಕ್ಕಳ ಹಕ್ಕುಗಳ ರಕ್ಷಣಾ ವೇದಿಕೆ ಎಂಬ ಹೆಸರಿನ ಹಳ್ಳಿಯ ಗುಂಪುಗಳು, ಬಾಲಕಾರ್ಮಿಕರ ವಿಮೋಚನೆಗೆಂದು ಕಟ್ಟಿಕೊಂಡ ಸರ್ಕಾರಿ ಶಿಕ್ಷಕರ ವೇದಿಕೆ ಈ ಕೆಲಸದ ಬೆನ್ನೆಲುಬಾದವು. ಬೇಸಿಗೆಯಲ್ಲಿ ಮೇಸ್ತ್ರಿ ಯಾರ ಮನೆಗೆ ಹೋದ ಎಂಬ ಸುದ್ದಿ ಮೊದಲು ತಿಳಿಯುವುದು ಇಂಥವರಿಗೇ, ಲೇಬರ್ ಇನ್‌ಸ್ಪೆಕ್ಟರಿಗಲ್ಲ. ಪೊಲೀಸರು ವರ್ಷಕ್ಕೆರಡು ಬಾರಿ ನಡೆಸುವ ಆಪರೇಷನ್ ಸ್ಮೈಲ್, ಮುಸ್ಕಾನ್ ದಾಳಿಗಳು ಮಗುವನ್ನು ಹೊಲದಿಂದ ಎತ್ತುತ್ತವೆ, ಫೋಟೋ ತೆಗೆಸುತ್ತವೆ, ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡುತ್ತವೆ. ಮುಂಗಡ ಮಾತ್ರ ಮನೆಯಲ್ಲೇ ಇರುತ್ತದೆ. ಅದು ತೀರದೆ ಮಗು ತಿರುಗಿ ಹೊಲಕ್ಕೆ ಹೋಗದೆಂದು ನಂಬುವುದು ಕಷ್ಟ.

ಸರ್ಕಾರದ ಕಡೆಯಿಂದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ (1988) ವಿಶೇಷ ಶಾಲೆಗಳಿದ್ದವು. 2021ರಿಂದ ಆ ಯೋಜನೆ ಸಮಗ್ರ ಶಿಕ್ಷಾದಲ್ಲಿ ಕರಗಿಹೋಯಿತು. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಸೀಜನಲ್ ಹಾಸ್ಟೆಲು ತೆರೆಯುವ ಏರ್ಪಾಡು ಈ ಮಂಡಲಗಳಿಗೆ ಹೇಳಿ ಮಾಡಿಸಿದಂಥದ್ದು. ತೊಂದರೆ ಏನೆಂದರೆ ಜನ ಹೊರಟ ಮೇಲೆ ಹಾಸ್ಟೆಲು ಬಾಗಿಲು ತೆರೆದರೆ ಒಳಗೆ ಮಲಗಲು ಮಕ್ಕಳಿರುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬಂದದ್ದು 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು. ಶಾಲೆ ಬಿಟ್ಟ ಹುಡುಗಿಗೆ ಹೊಲದ ಆಚೆ ಕಾಯುವುದು ಮದುವೆ. ವಸತಿಶಾಲೆ ಎರಡರಿಂದಲೂ ಅವಳನ್ನು ಒಂದಷ್ಟು ವರ್ಷ ದೂರವಿಡುತ್ತದೆ. ಆದವಾನಿ ಸೀಮೆಯಲ್ಲಿ ಬಾಲ್ಯವಿವಾಹ ಒಲ್ಲೆನೆಂದು ತಾನೇ ದೂರು ಹೇಳಿಕೊಂಡ ಹುಡುಗಿ ಇಂಥ ಶಾಲೆಗೆ ಸೇರಿ ಇಂಟರ್‌ಮೀಡಿಯಟ್‌ನಲ್ಲಿ ಮುಂದೆ ಬಂದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿತ್ತು.

ಮಕ್ಕಳನ್ನು ಶಾಲೆಗೆ ಕಳಿಸಿದ ತಾಯಿಗೆ ವರ್ಷಕ್ಕೆ 15,000 ರೂಪಾಯಿ ಎಂಬ ಆಂಧ್ರ ಸರ್ಕಾರದ ಅಮ್ಮ ಒಡಿ ಯೋಜನೆ 2020ರ ಜನವರಿಯಲ್ಲಿ ಬಂತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ತಲ್ಲಿಕಿ ವಂದನಂ ಎಂಬ ಹೆಸರಿನಲ್ಲಿ ಮುಂದುವರಿದು, ಮನೆಯ ಪ್ರತಿ ಮಗುವಿಗೂ ವಿಸ್ತರಿಸಿತು. ರಾಜಕೀಯ ಏನೇ ಇರಲಿ, ಮೇಸ್ತ್ರಿಯ ಮುಂಗಡಕ್ಕೆ ಎದುರಾಗಿ ನಿಲ್ಲಬಲ್ಲ ನಗದು ಹಣವನ್ನು ಮನೆಗೆ ತಂದ ಮೊದಲ ಸರ್ಕಾರಿ ಯೋಜನೆ ಇದು. ಎರಡು ಸಂಗತಿಗಳು ಅದನ್ನು ಕುಗ್ಗಿಸುತ್ತವೆ. ಶೇ. 75 ಹಾಜರಿ ಬೇಕೆಂಬ ಷರತ್ತಿಗೆ ಮೊದಲು ಜಾರುವವರು ಗುಳೆ ಹೋಗುವವರೇ. ಹಣದ ತಾರೀಕು ಸರ್ಕಾರದ ಅನುಕೂಲಕ್ಕೆ ತಕ್ಕಂತೆ ಸರಿಯುತ್ತದೆ. ಮೇಸ್ತ್ರಿ ಮಾತ್ರ ಏಪ್ರಿಲ್–ಮೇ ತಪ್ಪಿಸುವುದಿಲ್ಲ.

ಮಾತು ಮತ್ತು ಗಡಿ

ಮನೆಯಲ್ಲಿ ಕನ್ನಡ ಆಡುವ ಮಗು ಹೊಲದಿಂದ ಬಂದು ಕೂರುವ ಶಿಬಿರ, ವಸತಿಶಾಲೆಗಳು ಹೆಚ್ಚಾಗಿ ತೆಲುಗಿನವು, ಈಚೆಗೆ ಇಂಗ್ಲಿಷಿನವು. ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಗಡಿ ಮಂಡಲಗಳಲ್ಲಿ ಕನ್ನಡ ಶಾಲೆಗಳೂ ಇವೆ. ಮರಳಿ ಬಂದ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ಕೇಳುವ ಅಭ್ಯಾಸ ಮಾತ್ರ ಬೆಳೆದಿಲ್ಲ. ಎಲ್ಲಿ ಸೀಟು ಇದೆಯೋ ಅಲ್ಲಿಗೆ. ನಾಲ್ಕೈದು ವರ್ಷ ತಪ್ಪಿಸಿಕೊಂಡವರಿಗೆ ಅಕ್ಷರವೇ ಒಂದು ಹೊರೆ, ಅದರ ಮೇಲೆ ಬಾರದ ಮಾತಿನ ಅಕ್ಷರ. ವಿಶೇಷ ತರಬೇತಿಯ ಕಾಲವನ್ನಾದರೂ ಮಗುವಿನ ಮನೆಮಾತಿನಲ್ಲಿ ನಡೆಸುವುದಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ.

ಗಡಿಗಳು ಈಚೆಗೆ ಇನ್ನಷ್ಟು ಹೆಚ್ಚಿವೆ. 2014ರ ಜೂನ್ 2ರಿಂದ ಗದ್ವಾಲ ತೆಲಂಗಾಣದಲ್ಲಿದೆ. 2022ರ ಏಪ್ರಿಲ್ 4ರಂದು ನಂದ್ಯಾಲ ಬೇರೆ ಜಿಲ್ಲೆಯಾಯಿತು; ಬೀಜದ ಹೊಲಗಳ ಹಳೆಯ ನೆಲೆ ಒಂದು ಜಿಲ್ಲೆಗೆ, ಕೂಲಿ ಹೋಗುವ ಮಂಡಲಗಳು ಇನ್ನೊಂದಕ್ಕೆ ಬಿದ್ದವು. ಕೌತಾಳಂನ ಹುಡುಗಿ ಗದ್ವಾಲದ ಹೊಲದಲ್ಲಿ ಸಿಕ್ಕರೆ ಅವಳನ್ನು ಹಾಜರುಪಡಿಸುವುದು ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಮನೆಯ ತನಿಖೆ ಕರ್ನೂಲಿನಿಂದ, ಜೀತದ ಬಿಡುಗಡೆ ಪತ್ರ ಹೊಲವಿರುವ ಕಡೆಯ ಅಧಿಕಾರಿಯಿಂದ, ಪರಿಹಾರದ ಅರ್ಜಿ ಅಲ್ಲಿ, ಶಾಲೆಯ ದಾಖಲಾತಿ ಇಲ್ಲಿ. ರಾಯಚೂರು, ಸಿರುಗುಪ್ಪ ಕಡೆಗೆ ಹೋದವಳಾದರೆ ಮೂರನೇ ರಾಜ್ಯದ ಕಡತ. ಈ ಕಚೇರಿಗಳ ನಡುವೆ ಕಾಗದ ಓಡಾಡುವ ಕಾಲಾವಧಿ ಒಂದು ಕ್ರಾಸಿಂಗ್ ಸೀಜನ್ನಿಗಿಂತ ಚಿಕ್ಕದಾಗಿರುವುದು ಅಪರೂಪ.